ಹಿಮ ಜಾಸ್ತಿ ಬಿದ್ದರೆ ಭೂಮಿ ಬಿಸಿಯಾಗುತ್ತಿಲ್ಲ ಅಂತಲಾ?

ಪ್ರಶ್ನೆ: ಅಂಟಾರ್ಕ್ಟಿಕಾದಲ್ಲಿ ಎಲ್ಲವೂ ಹೆಪ್ಪುಗಟ್ಟಿರುವಾಗ ನೀರು ಆವಿಯಾಗುವುದು ಹೇಗೆ? ಕೆಲವು ಕಡೆ ಹಿಮ ಜಾಸ್ತಿ ಬೀಳ್ತಿದೆಯಂತೆ. ಹಾಗಾದರೆ ಭೂಮಿ ಬಿಸಿಯಾಗುತ್ತಿದೆ ಅನ್ನೋದು ಸುಳ್ಳಲ್ವಾ?
– ಒಬ್ಬ ಓದುಗರು, ರಾಜಾಜಿನಗರ

ಮೊದಲನೆಯದು ಸುಲಭ. ಮಂಜುಗಡ್ಡೆ ನೀರಾಗದೆಯೂ ಆವಿಯಾಗುತ್ತದೆ. ಫ್ರೀಜರಿನಲ್ಲಿ ಮರೆತುಬಿಟ್ಟ ಐಸ್ ತುಂಡು ಕೆಲವು ವಾರಗಳಲ್ಲಿ ಸಣ್ಣಗಾಗಿರುತ್ತದೆ, ನೋಡಿ. ಆದರೆ ಅಂಟಾರ್ಕ್ಟಿಕಾದಲ್ಲಿ ಬೀಳುವ ಹಿಮಕ್ಕೆ ಬೇಕಾದ ಆವಿ ಬಹುಪಾಲು ಸುತ್ತಲಿನ ಸಮುದ್ರದಿಂದಲೇ ಬರಬೇಕು. ಬಿದ್ದದ್ದು ಬೇಗ ವಾಪಸ್ ಹೋಗುವುದಿಲ್ಲ. ಡೋಮ್ ಸಿ ಎಂಬಲ್ಲಿ ಕೊರೆದು ತೆಗೆದ ಮಂಜುಗಡ್ಡೆಗೆ 8 ಲಕ್ಷ ವರ್ಷ ವಯಸ್ಸು.

ಇನ್ನು ಎರಡನೆಯದು. ಬರೆದೂ ಬರೆದೂ ಸಾಕಾಗಿದೆ. ಡಿಸೆಂಬರಿನಲ್ಲಿ ಬೆಂಗಳೂರಿಗೆ ನಾಲ್ಕು ದಿನ ಚಳಿ ಹಿಡಿದರೆ ಸಾಕು, ಇದು ಮತ್ತೆ ಬರುತ್ತದೆ.

ಹಿಮ ಬೀಳೋಕೆ ಬರೀ ಚಳಿ ಸಾಲದು ಸ್ವಾಮಿ, ಆವಿ ಬೇಕು. ಗಾಳಿ ತಣ್ಣಗಾದಷ್ಟೂ ಅದರಲ್ಲಿ ಹಿಡಿಸುವ ಆವಿ ಕಡಿಮೆ. ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ. 7ರಷ್ಟು ಜಾಸ್ತಿ ಹಿಡಿಸುತ್ತದೆ. ಅಂಟಾರ್ಕ್ಟಿಕಾದ ಒಳಭಾಗದಲ್ಲಿ ಇಡೀ ವರ್ಷದ ಹಿಮ ಕರಗಿಸಿ ಅಳೆದರೂ 50 ಮಿಲಿಮೀಟರ್ ದಾಟದ ಜಾಗಗಳಿವೆ. ನಮ್ಮಲ್ಲಿ ಒಂದು ಸಂಜೆಯ ಜೋರು ಮಳೆ ಅಷ್ಟು ಸುರಿಯುತ್ತದೆ. ಅದು ಮರುಭೂಮಿ! ಮೈನಸ್ 50 ಇದ್ದದ್ದು ಮೈನಸ್ 47 ಆದರೆ ಅಲ್ಲಿ ಏನೂ ಕರಗುವುದಿಲ್ಲ. ಆವಿ ಜಾಸ್ತಿ ಬರುತ್ತದೆ, ಹಿಮವೂ ಜಾಸ್ತಿ ಬೀಳುತ್ತದೆ. ಅಂದರೆ ನೀವು ಬಿಸಿಗೆ ವಿರುದ್ಧ ತಂದ ಸಾಕ್ಷಿ ಬಿಸಿಯ ಪರವಾಗಿಯೇ ಹೇಳುತ್ತಿದೆ.

2022ರ ಮಾರ್ಚಿನಲ್ಲಿ ಸಮುದ್ರದ ತೇವದ ಗಾಳಿ ಪೂರ್ವ ಅಂಟಾರ್ಕ್ಟಿಕಾದೊಳಗೆ ನುಗ್ಗಿತು. ಅದೇ ಡೋಮ್ ಸಿಯಲ್ಲಿ ತಾಪಮಾನ ಮಾಮೂಲಿಗಿಂತ ಹತ್ತಿರಹತ್ತಿರ 40 ಡಿಗ್ರಿ ಮೇಲೇರಿತು. ಆದರೂ ಸೊನ್ನೆಗಿಂತ ಕೆಳಗೇ ಇತ್ತು. ಜೊತೆಗೆ ಆ ಪ್ರದೇಶದಲ್ಲಿ ಭಾರಿ ಹಿಮ.

ಹಾಗಂತ ಅಲ್ಲಿನ ಮಂಜುಗಡ್ಡೆ ಬೆಳೆಯುತ್ತಿದೆ ಅನ್ನಬೇಡಿ. ಅಂಚಿನಲ್ಲಿ ಬೆಚ್ಚಗಿನ ಸಮುದ್ರ ಅದನ್ನು ಅಡಿಯಿಂದ ಕರಗಿಸುತ್ತಿದೆ. ಒಂದೆರಡು ವರ್ಷ ಹಿಮ ಬಿದ್ದು ತೂಕ ಏರಿದ್ದೂ ಉಂಟು. ಆದರೆ 2002ರಿಂದ ಉಪಗ್ರಹಗಳು ಅಳೆದ ಲೆಕ್ಕದಲ್ಲಿ ಒಟ್ಟಾರೆ ಇಳಿಕೆಯೇ. ಗ್ರೀನ್‌ಲ್ಯಾಂಡಿನ ನೆತ್ತಿಯ ಮೇಲಂತೂ 2021ರ ಆಗಸ್ಟ್ 14ರಂದು ಹಿಮವಲ್ಲ, ಮಳೆಯೇ ಬಿತ್ತು. ಅಲ್ಲಿನ ದಾಖಲೆಯಲ್ಲಿ ಅದೇ ಮೊದಲು.

ಯಾರೂ ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಬೆಂಗಳೂರು ಮುಳುಗಲ್ಲ. ಅಂಟಾರ್ಕ್ಟಿಕಾ ಪೂರ್ತಿ ಕರಗಿದರೂ ಸಮುದ್ರ ಏರುವುದು ಸುಮಾರು 58 ಮೀಟರ್, ನಾವಿರುವುದು 900 ಮೀಟರ್ ಎತ್ತರದಲ್ಲಿ. ಚಿಂತೆ ಮಂಗಳೂರು, ಕಾರವಾರದವರದ್ದು. ಆದರೆ ಆ ಶೇ. 7ರ ಲೆಕ್ಕ ಇಲ್ಲಿನ ಗಾಳಿಗೂ ಅನ್ವಯಿಸುತ್ತದೆ, ಮೋಡ ಒಡೆದಾಗ ಸುರಿತ ಜೋರಾಗುತ್ತದೆ. ಬೆಳ್ಳಂದೂರು ಮುಳುಗೋಕೆ ಧ್ರುವದ ನೀರೇನೂ ಬೇಕಿಲ್ಲ, ರಾಜಕಾಲುವೆ ಮುಚ್ಚಿದ್ದರೆ ಸಾಕು. ಅದರ ಬಗ್ಗೆ ಒಂದು ಪ್ರಶ್ನೆ ಕಳಿಸಿ, ಖುಷಿಯಿಂದ ಬರೆಯುತ್ತೇನೆ.