‘ಜ್ಯೋತ್ಸ್ನೆ’ಯ ಕಾಲು ಕತ್ತರಿಸಿದ್ದು ಯಾರು?

ತಂಗಿಯ ಕವನಗಳಿಗೆಂದು ಒಂದು ವೆಬ್ ಪುಟ ಮಾಡಿಕೊಟ್ಟಿದ್ದೆ. ನನ್ನ ಲ್ಯಾಪ್‌ಟಾಪಿನಲ್ಲಿ ಅಚ್ಚುಕಟ್ಟಾಗಿಯೇ ಕಾಣುತ್ತಿತ್ತು. ಸಂಜೆ ಸೋದರಮಾವ ತಮ್ಮ ಫೋನಿನಿಂದ ಸ್ಕ್ರೀನ್‌ಶಾಟ್ ಕಳಿಸಿದರು. ‘ಜ್ಯೋತ್ಸ್ನೆ’ ಎಂಬ ಶೀರ್ಷಿಕೆಯಲ್ಲಿ ‘ತ’ದ ಕೆಳಗಿನ ಒತ್ತುಗಳು ಅರ್ಧಕ್ಕೇ ಕತ್ತರಿಸಿಹೋಗಿದ್ದವು. “ಇದ್ಯಾಕೋ ಅಕ್ಷರಕ್ಕೆ ಕಾಲೇ ಇಲ್ಲ?” ಅಂತ ಕೇಳಿದ್ದರು.

‘ನಿಮ್ಮ ಬ್ರೌಸರ್ ಹಳೇದು ಮಾವ’ ಎಂದುಬಿಡುವುದು ಸುಲಭ. ಆದರೆ ಅಕ್ಷರ ಹೇಗೆ ಕೆಟ್ಟಿದೆ ಎಂದು ದಿಟ್ಟಿಸಿ ನೋಡಿದರೆ, ತಪ್ಪು ಯಾವ ಹಂತದಲ್ಲಾಗಿದೆ ಎಂಬುದು ಅಲ್ಲೇ ತಿಳಿಯುತ್ತದೆ.

‘ಜ್ಯೋತ್ಸ್ನೆ’ ಕಣ್ಣಿಗೆ ಎರಡೇ ಅಕ್ಷರ. ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಕೇತ ಕೊಡುವ ಯುನಿಕೋಡ್‌ನಲ್ಲಿ ಅದು 10 ಸಂಕೇತಗಳ ಸಾಲು: ಜ, ಹಲಂತ, ಯ, ಓತ್ವ, ತ, ಹಲಂತ, ಸ, ಹಲಂತ, ನ, ಎತ್ವ. ಈ ಸಂಕೇತಗಳನ್ನು ಬೈಟುಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್, ಒಟ್ಟು 30. ಪುಟ ಯುಟಿಎಫ್-8ರಲ್ಲಿದೆ ಎಂದು ಬ್ರೌಸರಿಗೆ ಗೊತ್ತಾಗದಿದ್ದರೆ ಪ್ರತಿ ಬೈಟನ್ನೂ ಒಂದು ಲ್ಯಾಟಿನ್ ಅಕ್ಷರವೆಂದೇ ಓದಿಕೊಳ್ಳುತ್ತದೆ. ಆಗ ತಲೆಯ ಮೇಲೆ ಓರೆಗೆರೆ ಹೊತ್ತ ಇಂಗ್ಲಿಷ್ ‘ಎ’, ಪಕ್ಕದಲ್ಲಿ ಪುಟಾಣಿ 2 ಅಥವಾ 3 ಪುಟದ ತುಂಬ ಸಾಲುಗಟ್ಟುತ್ತವೆ. ಕನ್ನಡದ ಬೈಟುಗಳು ಶುರುವಾಗುವುದೇ ಹಾಗೆ. ಎನ್‌ಕೋಡಿಂಗ್, ಅಂದರೆ ಬೈಟುಗಳಾಗಿ ಬರೆದಿಡುವ ಪದ್ಧತಿ, ಯಾವುದೆಂಬ ಘೋಷಣೆ ಪುಟದ ಮೊದಲ 1024 ಬೈಟುಗಳ ಒಳಗೇ ಇರಬೇಕು.

ಬರೀ ಚೌಕಗಳು ಕಂಡರೆ ಆ ಸಾಧನದಲ್ಲಿ ಕನ್ನಡ ಫಾಂಟ್ ಇಲ್ಲ, ಅಷ್ಟೆ.

ಒತ್ತುಗಳು ಬಿಡಿಬಿಡಿಯಾಗಿ ನಿಂತಿದ್ದರೆ ಕಥೆ ಬೇರೆ. ಸಂಕೇತಗಳ ಸಾಲಿನ ಕೊನೆಯಲ್ಲಿರುವ ಎತ್ವ ಪರದೆಯ ಮೇಲೆ ಹಿಂದೆ ಸರಿದು ‘ತ’ದ ತಲೆಗೆ ಏರಬೇಕು, ‘ಸ’, ‘ನ’ ಎರಡೂ ಒತ್ತುಗಳಾಗಿ ಕೆಳಗಿಳಿಯಬೇಕು. ಫಾಂಟಿನೊಳಗಿನ ನಿಯಮಗಳನ್ನು ಓದಿ ಈ ಜೋಡಣೆ ಮಾಡುವ ತಂತ್ರಾಂಶ ಕ್ರೋಮ್ ಮತ್ತು ಫೈರ್‌ಫಾಕ್ಸ್‌ನಲ್ಲಿ ಹಾರ್ಫ್‌ಬಜ್, ಆಪಲ್‌ನ ಸಫಾರಿಯಲ್ಲಿ ಕೋರ್‌ಟೆಕ್ಸ್ಟ್. ಹಳೆಯ ಆಂಡ್ರಾಯ್ಡ್ ಫೋನುಗಳಿಗೆ ಈ ಜೋಡಣೆ ಬರುತ್ತಿರಲಿಲ್ಲ. ಆಗ ಕನ್ನಡ ಓದಲು ಒಪೆರಾ ಮಿನಿಯ ಸೆಟ್ಟಿಂಗ್ಸ್‌ಗೆ ಹೋಗಿ ಅಕ್ಷರಗಳನ್ನು ಚಿತ್ರವಾಗಿ ತರಿಸಿಕೊಳ್ಳುತ್ತಿದ್ದೆವು. ಅಷ್ಟು ಕಷ್ಟಪಟ್ಟು ಓದಿದ ಜನ ನಾವು.

ಮಾವನ ಫೋನಿನಲ್ಲಿ ಜೋಡಣೆ ಸರಿಯಾಗಿಯೇ ಇತ್ತು. ಒತ್ತಿಗೆ ಜಾಗವೇ ಇರಲಿಲ್ಲ. ಪುಟದ ಜೊತೆ ನಾನು ಫಾಂಟ್ ಕಳಿಸಿರಲಿಲ್ಲವಾದ್ದರಿಂದ ಪ್ರತಿ ಸಾಧನವೂ ತನ್ನಲ್ಲಿದ್ದದ್ದನ್ನು ಬಳಸಿತ್ತು: ನನ್ನ ವಿಂಡೋಸ್‌ನಲ್ಲಿ ನಿರ್ಮಲಾ, ಅವರ ಆಂಡ್ರಾಯ್ಡ್‌ನಲ್ಲಿ ನೋಟೊ. ಎರಡರಲ್ಲಿ ಒತ್ತುಗಳು ಇಳಿಯುವ ಆಳ ಒಂದೇ ಅಲ್ಲ. ಶೀರ್ಷಿಕೆಯ ಪೆಟ್ಟಿಗೆಗೆ ನಾನು ಕೊಟ್ಟ ಎತ್ತರವೋ ಇಂಗ್ಲಿಷಿಗೆ ಒಗ್ಗುವಂಥದ್ದು. ಹೊರಚಾಚಿದ್ದನ್ನು ಮುಚ್ಚಿಬಿಡು ಎಂಬ ಸೂಚನೆ ಬೇರೆ. ಇಂಗ್ಲಿಷಿಗೆಂದು ಮಾಡಿದ ಟೆಂಪ್ಲೇಟುಗಳಲ್ಲಿ ಕನ್ನಡಕ್ಕೆ ಇದೇ ಗತಿಯಾಗುವುದನ್ನು ಎಷ್ಟೋ ಸಲ ಕಂಡಿದ್ದೇನೆ, ಪ್ರತಿ ಸಲವೂ ನೋವಾಗುತ್ತದೆ.

ಪರೀಕ್ಷೆ ಮಾಡುವಾಗ ಬ್ರೌಸರುಗಳ ಹೆಸರು ನೋಡಿ ಮೋಸಹೋಗಬಾರದು. 2020ರಿಂದ ಎಡ್ಜ್ ಒಳಗಿದ್ದು ಪುಟವನ್ನು ಪರದೆಗೆ ಇಳಿಸುವುದೂ ಕ್ರೋಮ್‌ನ ಬ್ಲಿಂಕ್ ಎಂಜಿನ್ನೇ. ನಮ್ಮಲ್ಲಿ ಸಿಗುವ ಐಫೋನಿನಲ್ಲಿ ಕ್ರೋಮ್ ತೆರೆದರೂ ಒಳಗೆ ಕೆಲಸ ಮಾಡುವುದು ಸಫಾರಿಯ ವೆಬ್‌ಕಿಟ್. ಬ್ಲಿಂಕ್, ವೆಬ್‌ಕಿಟ್, ಫೈರ್‌ಫಾಕ್ಸ್‌ನ ಗೆಕೊ, ಈ ಮೂರರಲ್ಲೂ ನೋಡಿದರೆ ಬಹುಪಾಲು ನೋಡಿದಂತೆ. ಶೀರ್ಷಿಕೆಯಲ್ಲಿ ‘ಜ್ಯೋತ್ಸ್ನೆ’, ‘ಸ್ತ್ರೀ’, ‘ರಾಷ್ಟ್ರ’ದಂಥ ಆಳದ ಪದಗಳನ್ನೇ ಇಟ್ಟು ನೋಡಬೇಕು. ‘ರ‍್ಯಾಂಕ್’ ಕೂಡ ಇರಲಿ: ಅದರ ‘ರ’ ಆದಮೇಲೆ ಕಣ್ಣಿಗೆ ಕಾಣದ ಒಂದು ಸಂಕೇತವಿದೆ, ಯಾವುದಾದರೂ ತಂತ್ರಾಂಶ ಅದನ್ನು ಕಸವೆಂದು ಗುಡಿಸಿಹಾಕಿದರೆ ಪದ ‘ರ್ಯಾಂಕ್’ ಆಗಿ ಅರ್ಕಾವತ್ತು ಬಂದು ಕೂರುತ್ತದೆ.

ಪೆಟ್ಟಿಗೆಯ ಎತ್ತರದ ಕಟ್ಟು ತೆಗೆದೆ, ಸಾಲಿನ ಎತ್ತರವನ್ನು 1.2ರಿಂದ 1.7ಕ್ಕೆ ಏರಿಸಿದೆ, ಫಾಂಟನ್ನು ಪುಟದ ಜೊತೆಯೇ ಕಳಿಸಿದೆ. ಮಾವನಿಂದ ಇನ್ನೊಂದು ಸ್ಕ್ರೀನ್‌ಶಾಟ್ ಬಂತು. ‘ನ’ ಒತ್ತಿನ ತುದಿಯ ಸುಳಿಯೂ ಪೂರ್ತಿ ಕಾಣುತ್ತಿತ್ತು.