ಗಾಳಿಯಂತ್ರ ಬಂದರೂ ಅನಿಲ ಸ್ಥಾವರ ಏಕೆ ಉಳಿದಿದೆ?

ವಿದ್ಯುತ್ ಜಾಲದ ನಿಯಂತ್ರಣ ಕೊಠಡಿಯಲ್ಲಿ ಪಾಳಿ ಮಾಡಿದವರಿಗೆ ‘ಇಂಧನದ ಅವಲಂಬನೆ’ ಎಂಬುದು ಎರಡು ಬೇರೆ ಲೆಕ್ಕಗಳಾಗಿ ಕಾಣುತ್ತದೆ. ವರ್ಷವಿಡೀ ಎಷ್ಟು ಇಂಧನ ಉರಿಯಿತು ಎಂಬುದು ಒಂದು ಲೆಕ್ಕ. ವರ್ಷದ ಅತ್ಯಂತ ಕಷ್ಟದ ಸಂಜೆ ಯಾವ ಯಂತ್ರ ಕೈಹಿಡಿಯಿತು ಎಂಬುದು ಇನ್ನೊಂದು. ಗಾಳಿ ವಿದ್ಯುತ್ತಿನಿಂದ ನೈಸರ್ಗಿಕ ಅನಿಲದ ಅವಲಂಬನೆ ನಿಜಕ್ಕೂ ತಗ್ಗುತ್ತದೆಯೇ ಎಂದು ಕೇಳುವವರು ಸಾಮಾನ್ಯವಾಗಿ ಎರಡನ್ನೂ ಕಲಸಿ ಕೇಳುತ್ತಾರೆ, ಉತ್ತರಿಸುವವರು ತಮಗೆ ಒಪ್ಪುವ ಒಂದನ್ನು ಎತ್ತಿಕೊಂಡು ಹೌದೆಂದೋ ಅಲ್ಲವೆಂದೋ ಹೇಳಿಬಿಡುತ್ತಾರೆ. ಮೊದಲ ಲೆಕ್ಕದಲ್ಲಿ ಉಳಿತಾಯ ದೊಡ್ಡದು, ಎರಡನೆಯದರಲ್ಲಿ ಬಹಳ ಸಣ್ಣದು ಎಂಬುದು ನನ್ನ ಅಭಿಪ್ರಾಯ.

ಇದನ್ನು ಪರೀಕ್ಷಿಸಲು ಬ್ರಿಟನ್ನಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. 2010ರಲ್ಲಿ ಆ ದೇಶ ಅನಿಲದಿಂದ ಸುಮಾರು 17,500 ಕೋಟಿ ಯೂನಿಟ್ ಉತ್ಪಾದಿಸಿತ್ತು. ಗಾಳಿಯಿಂದ ಬಂದದ್ದು ಸುಮಾರು 1,000 ಕೋಟಿ ಯೂನಿಟ್. 2024ರ ಹೊತ್ತಿಗೆ ಗಾಳಿಯ ಉತ್ಪಾದನೆ 8,000 ಕೋಟಿ ಯೂನಿಟ್ ದಾಟಿ, ಅನಿಲದ್ದು ಹಳೆಯ ಪ್ರಮಾಣದ ಅರ್ಧದ ಆಸುಪಾಸಿಗೆ ಇಳಿದಿತ್ತು. ಈ ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟು ಎಲ್ಲವೂ ಗಾಳಿಯ ಮಹಿಮೆ ಎನ್ನುವುದು ಮಾತ್ರ ಅವಸರದ ತೀರ್ಮಾನ. ಗಾಳಿಯಂತ್ರಗಳು ಹೆಚ್ಚುತ್ತಲೇ ಇದ್ದ 2016ರಲ್ಲಿ ಅನಿಲದ ಉತ್ಪಾದನೆ ಹಿಂದಿನ ವರ್ಷಕ್ಕಿಂತ ಬಹಳಷ್ಟು ಮೇಲೆ ಹೋಯಿತು. 2013ರಲ್ಲಿ ಜಾರಿಗೆ ಬಂದ ಇಂಗಾಲದ ತೆರಿಗೆ ಏರುತ್ತ ಹೋದಂತೆ ಕಲ್ಲಿದ್ದಲು ದುಬಾರಿಯಾಗಿ ಹಿಂದೆ ಸರಿಯಿತು, ಅದು ಬಿಟ್ಟ ಜಾಗವನ್ನು ಮೊದಲು ತುಂಬಿದ್ದು ಅನಿಲ. ರ‍್ಯಾಟ್‌ಕ್ಲಿಫ್‌ನ ಸ್ಥಾವರ, ಅಂದರೆ ದೇಶದ ಕೊನೆಯ ಕಲ್ಲಿದ್ದಲು ಸ್ಥಾವರ, 2024ರ ಸೆಪ್ಟೆಂಬರ್ 30ರಂದು ಮುಚ್ಚಿತಾದರೂ, ಉತ್ಪಾದನೆಯಲ್ಲಿ ಕಲ್ಲಿದ್ದಲಿನ ಪಾಲು ಅದಕ್ಕೂ ಕೆಲವು ವರ್ಷ ಮೊದಲೇ ಬಹುತೇಕ ಇಲ್ಲವಾಗಿತ್ತು. ಆ ನಂತರ ಗಾಳಿ ಹಿಂದಕ್ಕೆ ತಳ್ಳುತ್ತಿರುವುದು ಅನಿಲವನ್ನೇ. ಒಟ್ಟು ಬೇಡಿಕೆ ಇಳಿದದ್ದೂ ನೆರೆದೇಶಗಳಿಂದ ಕೇಬಲ್ ಮೂಲಕ ಆಮದು ಹೆಚ್ಚಿದ್ದೂ ಈ ಇಳಿಕೆಯಲ್ಲಿ ತಮ್ಮ ಪಾಲು ಕೇಳುತ್ತವೆ.

ಗಾಳಿಯ ಏರಿಳಿತಕ್ಕೆ ತಕ್ಕಂತೆ ಅನಿಲ ಸ್ಥಾವರವನ್ನು ಏರಿಸಿ ಇಳಿಸಿ ಓಡಿಸುವುದರಿಂದ ಅದರ ದಕ್ಷತೆ ಕುಸಿದು, ಉಳಿತಾಯವಾದ ಅನಿಲವೆಲ್ಲ ಅಲ್ಲೇ ವ್ಯರ್ಥವಾಗುತ್ತದೆ ಎಂಬ ವಾದವನ್ನು ನಾನು ಅನೇಕ ಸಭೆಗಳಲ್ಲಿ ಕೇಳಿದ್ದೇನೆ. ವಾದದಲ್ಲಿ ಸತ್ಯಾಂಶವಿದೆ, ಆದರೆ ಅಳತೆಯಿಲ್ಲ. 400 ಮೆಗಾವಾಟ್‌ನ ಒಂದು ಕಂಬೈನ್ಡ್ ಸೈಕಲ್ ಸ್ಥಾವರ (ಅನಿಲ ಟರ್ಬೈನಿನಿಂದ ಹೊರಬರುವ ಶಾಖದಿಂದ ಉಗಿ ಮಾಡಿ ಇನ್ನೊಂದು ಟರ್ಬೈನನ್ನೂ ತಿರುಗಿಸುವಂಥದ್ದು) ಪೂರ್ಣ ಭಾರದಲ್ಲಿ ಶೇ 55ರ ದಕ್ಷತೆಯಿಂದ ಓಡುತ್ತಿದೆ ಎಂದಿಟ್ಟುಕೊಳ್ಳೋಣ. ಅದು ಸುಮಾರು 727 ಮೆಗಾವಾಟ್‌ನಷ್ಟು ಶಾಖದ ಅನಿಲವನ್ನು ಉರಿಸುತ್ತಿರುತ್ತದೆ. ಗಾಳಿ ಬೀಸಿ 200 ಮೆಗಾವಾಟ್ ಬಂದಿತು, ಸ್ಥಾವರವನ್ನು ಅರ್ಧಕ್ಕೆ ‘ಬ್ಯಾಕ್ ಡೌನ್’ ಮಾಡಿದೆವು, ದಕ್ಷತೆ ಶೇ 50ಕ್ಕೆ ಇಳಿಯಿತು ಎಂದರೆ ಈಗ ಬೇಕಾಗುವುದು 400 ಮೆಗಾವಾಟ್ ಶಾಖ. ದಕ್ಷತೆ ಕುಸಿಯದಿದ್ದರೆ 364 ಮೆಗಾವಾಟ್ ಶಾಖ ಉಳಿತಾಯವಾಗಬೇಕಿತ್ತು, ಆದದ್ದು 327. ಅಂದರೆ ನಿರೀಕ್ಷಿತ ಉಳಿತಾಯದಲ್ಲಿ ಹತ್ತನೆಯ ಒಂದು ಭಾಗ ಸೋರಿಹೋಯಿತು, ಒಂಬತ್ತು ಭಾಗ ಕೈಸೇರಿತು. ಸ್ಥಾವರವನ್ನು ಪದೇಪದೇ ನಿಲ್ಲಿಸಿ ಮತ್ತೆ ಹಚ್ಚುವ ಇಂಧನವನ್ನೂ ಲೋಹದ ಭಾಗಗಳ ಸವಕಳಿಯನ್ನೂ ಸೇರಿಸಿದರೆ ಸೋರಿಕೆ ಇನ್ನಷ್ಟು ಹೆಚ್ಚೀತೇ ಹೊರತು, ಉಳಿತಾಯವನ್ನೇ ನುಂಗುವಷ್ಟು ಆಗುವುದಿಲ್ಲ.

ನಿಜವಾದ ತೊಡಕಿರುವುದು ಎರಡನೆಯ ಲೆಕ್ಕದಲ್ಲಿ. ಗಾಳಿಯ ವೇಗ ಅರ್ಧಕ್ಕಿಳಿದರೆ ಅದರೊಳಗಿನ ಶಕ್ತಿ ಎಂಟನೆಯ ಒಂದು ಭಾಗಕ್ಕೆ ಇಳಿಯುತ್ತದೆ, ಆದ್ದರಿಂದ ಸಣ್ಣ ಮಂದಗತಿಯೂ ಉತ್ಪಾದನೆಯಲ್ಲಿ ದೊಡ್ಡ ಕಂದಕ ತೋಡುತ್ತದೆ. ಚಳಿಗಾಲದಲ್ಲಿ ಉತ್ತರ ಯೂರೋಪಿನ ಮೇಲೆ ಅಧಿಕ ಒತ್ತಡದ ವಾಯುರಾಶಿ ನೆಲೆನಿಂತಾಗ ಚಳಿಯೂ ನಿಶ್ಚಲತೆಯೂ ಒಟ್ಟಿಗೆ ಬರುತ್ತವೆ. ಬೇಡಿಕೆ ಏರುವ ದಿನವೇ ಗಾಳಿಯಂತ್ರಗಳು ಸುಮ್ಮನೆ ನಿಂತಿರುತ್ತವೆ, ಸೂರ್ಯನೂ ಸಂಜೆ ನಾಲ್ಕಕ್ಕೆಲ್ಲ ಮರೆಯಾಗಿರುತ್ತಾನೆ. 2024ರ ನವೆಂಬರ್ ಮೊದಲ ವಾರದಲ್ಲಿ ಹಾಗೆಯೇ ಆಗಿ, ಬ್ರಿಟನ್ನಿನ ಅರ್ಧಕ್ಕಿಂತ ಹೆಚ್ಚು ವಿದ್ಯುತ್ತನ್ನು ಅನಿಲ ಹೊತ್ತ ಗಂಟೆಗಳಿದ್ದವು. ಉರಿಯುವ ಅನಿಲ ಅರ್ಧಕ್ಕಿಳಿದರೂ ಅನಿಲ ಸ್ಥಾವರಗಳ ಸಾಮರ್ಥ್ಯ ಅಲ್ಲಿ ಅರ್ಧಕ್ಕಿಳಿಯದಿರಲು ಕಾರಣ ಇದೇ. ವರ್ಷದಲ್ಲಿ ಹಲವು ದಿನ ಸುಮ್ಮನೆ ಕೂರುವ ಸ್ಥಾವರ ಮುಚ್ಚದಂತೆ, ಸಿದ್ಧವಾಗಿ ನಿಂತದ್ದಕ್ಕೇ ಹಣ ಕೊಡುವ ‘ಕೆಪ್ಯಾಸಿಟಿ ಮಾರ್ಕೆಟ್’ ಎಂಬ ಹರಾಜನ್ನು ಸರ್ಕಾರ 2014ರಲ್ಲಿ ಆರಂಭಿಸಿತು. 2030ರ ಶುದ್ಧ ವಿದ್ಯುತ್ ಯೋಜನೆಯನ್ನು ನೋಡಿ: ಸಾಧಾರಣ ಹವೆಯ ವರ್ಷದಲ್ಲಿ ಉತ್ಪಾದನೆಯ ಶೇ 5ಕ್ಕಿಂತ ಹೆಚ್ಚು ಅನಿಲದಿಂದ ಬರಬಾರದು ಎನ್ನುವ ಅದೇ ಯೋಜನೆ, ಸುಮಾರು 35 ಗಿಗಾವಾಟ್ ಅನಿಲ ಸ್ಥಾವರಗಳನ್ನು ಕಾದಿರಿಸಬೇಕು ಎಂದೂ ಹೇಳುತ್ತದೆ. ಇವೆರಡೂ ಪರಸ್ಪರ ವಿರುದ್ಧ ಎಂದು ಅಣಕಿಸುವವರಿದ್ದಾರೆ. ನನಗೆ ಅದು ಆ ಯೋಜನೆಯಲ್ಲಿನ ಅತ್ಯಂತ ಪ್ರಾಮಾಣಿಕ ಭಾಗವಾಗಿ ಕಾಣುತ್ತದೆ.

ತಂತಿಯ ಕೊರತೆಯೂ ಅನಿಲದ ಪರವಾಗಿ ಕೆಲಸ ಮಾಡುತ್ತದೆ. ಗಾಳಿ ಹೆಚ್ಚು ಬೀಸುವುದು ಸ್ಕಾಟ್ಲೆಂಡಿನಲ್ಲಿ, ಬೇಡಿಕೆ ಹೆಚ್ಚಿರುವುದು ದಕ್ಷಿಣದ ಇಂಗ್ಲೆಂಡಿನಲ್ಲಿ. ನಡುವಿನ ಮಾರ್ಗಗಳು ಹೊರಲಾರದಷ್ಟು ವಿದ್ಯುತ್ ಬಂದಾಗ ಉತ್ತರದ ಗಾಳಿಯಂತ್ರಗಳಿಗೆ ಹಣ ಕೊಟ್ಟು ನಿಲ್ಲಿಸಿ, ದಕ್ಷಿಣದ ಅನಿಲ ಸ್ಥಾವರಗಳಿಗೂ ಹಣ ಕೊಟ್ಟು ಏರಿಸಬೇಕಾಗುತ್ತದೆ.

ನಮ್ಮಲ್ಲಿ ಈ ಪ್ರಶ್ನೆಯ ರೂಪವೇ ಬೇರೆ. ಭಾರತದ ಅನಿಲ ಸ್ಥಾವರಗಳಲ್ಲಿ ಬಹುಪಾಲು ಅಗ್ಗದ ಅನಿಲ ಸಿಗದೆ ವರ್ಷಗಳಿಂದ ಖಾಲಿ ಕೂತಿವೆ, ಆದ್ದರಿಂದ ಚಿತ್ರದುರ್ಗ, ಗದಗದ ಗುಡ್ಡಗಳ ಗಾಳಿ ಉಳಿಸುವುದು ಅನಿಲವನ್ನಲ್ಲ, ರಾಯಚೂರು ಬಳ್ಳಾರಿಗಳ ಕಲ್ಲಿದ್ದಲನ್ನು ಮತ್ತು ಶರಾವತಿಯ ನೀರನ್ನು. ಆಷಾಢದ ಗಾಳಿ ಭರದಿಂದ ಬೀಸುವ ರಾತ್ರಿಗಳಲ್ಲಿ ಶಾಖೋತ್ಪನ್ನ ಘಟಕಗಳನ್ನು ಅವು ತಡೆಯುವಷ್ಟು ಕೆಳಕ್ಕೆ ಇಳಿಸಿ, 1,035 ಮೆಗಾವಾಟ್‌ನ ಶರಾವತಿ ಕೇಂದ್ರವನ್ನು ಹಗುರವಾಗಿ ಹಿಡಿದು, ಗಾಳಿ ಕುಸಿದ ಗಳಿಗೆಗೆ ಅದೇ ಶರಾವತಿಯನ್ನು ನಿಮಿಷಗಳಲ್ಲಿ ಏರಿಸುವುದು ನಮ್ಮ ಪಾಳಿಯವರಿಗೆ ರೂಢಿಯ ಕೆಲಸ. ಬ್ರಿಟನ್ನಿನಲ್ಲಿ ಅನಿಲ ಮಾಡುವ ಕೆಲಸವನ್ನು ಇಲ್ಲಿ ಲಿಂಗನಮಕ್ಕಿ ಮಾಡುತ್ತದೆ. ಅದರ 151 ಟಿಎಂಸಿ ನೀರು ತಿಂಗಳುಗಟ್ಟಲೆ ಕಾಯಬಲ್ಲದು, ಮಳೆ ಕೈಕೊಟ್ಟ ವರ್ಷವನ್ನು ಬಿಟ್ಟರೆ.

ಬ್ರಿಟನ್ನಿನಲ್ಲಿ ಅಂಥ ಜಲಾಶಯವಿಲ್ಲ. ವೇಲ್ಸ್‌ನ ಡಿನೋರ್ವಿಗ್ ಪಂಪ್ಡ್ ಸ್ಟೋರೇಜ್ ಕೇಂದ್ರ (ನೀರನ್ನು ಮೇಲಕ್ಕೆ ಪಂಪ್ ಮಾಡಿಟ್ಟು ಬೇಕಾದಾಗ ಇಳಿಸಿ ವಿದ್ಯುತ್ ಮಾಡುವಂಥದ್ದು) 1,700 ಮೆಗಾವಾಟ್‌ಗೂ ಹೆಚ್ಚು ಕೊಡಬಲ್ಲದಾದರೂ ಪೂರ್ಣ ಭಾರದಲ್ಲಿ ಅದರ ನೀರು ಮುಗಿಯಲು ಐದಾರು ಗಂಟೆ ಸಾಕು, ಹೊಸ ಬ್ಯಾಟರಿಗಳು ಅದಕ್ಕಿಂತಲೂ ಅಲ್ಪಾಯುಷಿಗಳು. ಇವೆಲ್ಲ ಒಂದು ಸಂಜೆಯನ್ನು ದಾಟಿಸುತ್ತವೆ, ಗಾಳಿಯಿಲ್ಲದ ವಾರವನ್ನಲ್ಲ. ಲಿಂಗನಮಕ್ಕಿಯಂಥ ನೀರನ್ನು ಅವರು ಅರಸಿಕೊಂಡು ಹೋದದ್ದು ನಾರ್ವೆಗೆ: ಸಮುದ್ರತಳದಲ್ಲಿ 720 ಕಿಲೋಮೀಟರ್ ಉದ್ದದ ಕೇಬಲ್ ಹಾಸಿ, 2021ರಿಂದ ಅಲ್ಲಿನ ಜಲಾಶಯಗಳ ವಿದ್ಯುತ್ತನ್ನು ತರಿಸಿಕೊಳ್ಳುತ್ತಿದ್ದಾರೆ. ಆ ಕೇಬಲ್ ಹೊರುವುದು 1,400 ಮೆಗಾವಾಟ್. ಚಳಿಗಾಲದ ಸಂಜೆ ಅವರ ಬೇಡಿಕೆ 40,000 ಮೆಗಾವಾಟ್ ಮೀರುತ್ತದೆ.