ಅಮೆರಿಕದ ಲೋಕಲ್ ಟಿವಿ ಸುದ್ದಿ: ದುಡ್ಡು ಯಾರ ಕಡೆಯಿಂದ ಯಾರ ಕಡೆಗೆ?

ಮಾಧ್ಯಮ ವ್ಯವಹಾರದ ಪಾಠದಲ್ಲಿ ಅಮೆರಿಕದ ಸ್ಥಳೀಯ ಟಿವಿ ಬಂದ ಕೂಡಲೇ ಹೆಸರುಗಳೇ ತಲೆ ಕೆಡಿಸುತ್ತವೆ. ಡಬ್ಲ್ಯು, ಕೆ ಅಂತ ಶುರುವಾಗುವ ಅಕ್ಷರಗಳ ಸ್ಟೇಷನ್‌ಗಳು, ಆಗಾಗ ಬದಲಾಗುವ ಮಾಲೀಕರು, ಪ್ರಸಾರ ನಿಯಂತ್ರಕ ಎಫ್‌ಸಿಸಿಯ ನಿಯಮಗಳು. ಇವನ್ನೆಲ್ಲ ಬಾಯಿಪಾಠ ಮಾಡಲು ಹೋಗಬೇಡಿ. ಯಾವ ಕಾಲದಲ್ಲಿ ಯಾರು ಯಾರಿಗೆ ದುಡ್ಡು ಕೊಡುತ್ತಿದ್ದರು ಅನ್ನುವುದನ್ನು ಮೊದಲು ಹಿಡಿಯಿರಿ. ಸುದ್ದಿ ಯಾಕೆ ಹೆಚ್ಚಾಯಿತು, ಎಲ್ಲಿ ಯಾಕೆ ಮುಚ್ಚಿತು ಅನ್ನುವುದು ಆಮೇಲೆ ತಾನಾಗಿ ತಿಳಿಯುತ್ತದೆ.

ಮೊದಲು ವ್ಯವಸ್ಥೆ ಹೇಗಿದೆ ನೋಡೋಣ

ಟಿವಿ ವೀಕ್ಷಕರ ಲೆಕ್ಕ ಹಾಕುವ ನೀಲ್ಸನ್ ಸಂಸ್ಥೆ ಅಮೆರಿಕವನ್ನು 210 ಟಿವಿ ಮಾರುಕಟ್ಟೆಗಳಾಗಿ ವಿಂಗಡಿಸಿದೆ. ನ್ಯೂಯಾರ್ಕ್ ಎಲ್ಲಕ್ಕಿಂತ ದೊಡ್ಡದು. ಮೊಂಟಾನಾ ರಾಜ್ಯದ ಗ್ಲೆಂಡೈವ್ ಪಟ್ಟಿಯ ತಳದಲ್ಲಿದೆ. ಜಾಹೀರಾತಿನ ದರ ನಿಗದಿಯಾಗುವುದು ಈ ಮಾರುಕಟ್ಟೆಗಳ ಲೆಕ್ಕದಲ್ಲಿ.

ಎಬಿಸಿ, ಸಿಬಿಎಸ್, ಎನ್‌ಬಿಸಿ, ಫಾಕ್ಸ್ ಇವು ನೆಟ್‌ವರ್ಕ್‌ಗಳು. ದೊಡ್ಡ ನಗರಗಳ ಕೆಲವು ಸ್ಟೇಷನ್‌ಗಳು ಮಾತ್ರ ಇವುಗಳ ಸ್ವಂತದ್ದು. ಉಳಿದ ಕಡೆ ಸ್ಟೇಷನ್ ಬೇರೆ ಕಂಪನಿಯದ್ದು. ಅದು ಒಂದು ನೆಟ್‌ವರ್ಕ್ ಜೊತೆ ಒಪ್ಪಂದ ಮಾಡಿಕೊಂಡು ಅದರ ಧಾರಾವಾಹಿ, ಅಮೆರಿಕನ್ ಫುಟ್‌ಬಾಲ್, ರಾಷ್ಟ್ರೀಯ ಸುದ್ದಿಯನ್ನು ತೋರಿಸುತ್ತದೆ. ಇಂಥ ಸ್ಟೇಷನ್‌ಗೆ ಅಫಿಲಿಯೇಟ್ ಎನ್ನುತ್ತಾರೆ.

ಒಂದು ಸೂಕ್ಷ್ಮವನ್ನು ಗಮನಿಸಿ. ನೆಟ್‌ವರ್ಕ್ ಕಾರ್ಯಕ್ರಮದ ನಡುವೆ ಬರುವ ಜಾಹೀರಾತುಗಳಲ್ಲಿ ಹೆಚ್ಚಿನ ಪಾಲು ನೆಟ್‌ವರ್ಕ್‌ಗೆ ಸೇರುತ್ತದೆ. ಸ್ಟೇಷನ್‌ಗೆ ಸಿಗುವುದು ಕೆಲವೇ ನಿಮಿಷ. ಸ್ಥಳೀಯ ಬುಲೆಟಿನ್‌ನಲ್ಲಿ ಹಾಗಲ್ಲ, ಪೂರ್ತಿ ಜಾಹೀರಾತು ಸಮಯ ಸ್ಟೇಷನ್‌ನದೇ. ಊರಿನ ಸುದ್ದಿ, ಹವಾಮಾನ, ಟ್ರಾಫಿಕ್ ಇವು ಮಾತ್ರ ಅದರ ಸ್ವಂತ ಸರಕು. ಉಳಿದದ್ದೆಲ್ಲ ಬಾಡಿಗೆ ಮನೆ ಇದ್ದ ಹಾಗೆ. ಮಾಲೀಕ ಬಿಡಿ ಅಂದರೆ ಬಿಡಬೇಕು.

ದುಡ್ಡು ತಿರುಗಿ ಹರಿದ ಕಥೆ

ಹಳೆಯ ಕಾಲದಲ್ಲಿ ನೆಟ್‌ವರ್ಕೇ ಸ್ಟೇಷನ್‌ಗೆ ದುಡ್ಡು ಕೊಡುತ್ತಿತ್ತು. ನಮ್ಮ ಕಾರ್ಯಕ್ರಮ ಹಾಕಿ, ಇಷ್ಟು ತಗೊಳ್ಳಿ ಅನ್ನುವ ಲೆಕ್ಕ. ಇವತ್ತು ಸ್ಟೇಷನ್‌ಗಳು ನೆಟ್‌ವರ್ಕ್‌ಗೆ ಕೊಡುತ್ತವೆ. ಈ ತಿರುವಿನ ನಡುವೆ ಎರಡು ಘಟನೆಗಳಿವೆ.

ಒಂದು, 1993–94ರ ಫಾಕ್ಸ್ ಧಾಳಿ. ಫಾಕ್ಸ್ ಆಗ ಹೊಸದು, ದುರ್ಬಲ. 1993ರ ಡಿಸೆಂಬರ್‌ನಲ್ಲಿ ಎನ್ಎಫ್ಎಲ್ ಲೀಗ್‌ನ ಫುಟ್‌ಬಾಲ್ ಪ್ರಸಾರ ಹಕ್ಕನ್ನು ನಾಲ್ಕು ವರ್ಷಕ್ಕೆ ಸುಮಾರು 158 ಕೋಟಿ ಡಾಲರ್ ಕೊಟ್ಟು ಸಿಬಿಎಸ್ ಕೈಯಿಂದ ಕಿತ್ತುಕೊಂಡಿತು. ಆಟ ಸಿಕ್ಕಿತು, ತೋರಿಸಲು ಒಳ್ಳೆಯ ಸ್ಟೇಷನ್‌ಗಳು ಬೇಕಲ್ಲ? 1994ರ ಮೇನಲ್ಲಿ ಹಲವು ಸ್ಟೇಷನ್‌ಗಳ ಮಾಲೀಕನಾದ ನ್ಯೂ ವರ್ಲ್ಡ್ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡು, ಹಳೆಯ ನೆಟ್‌ವರ್ಕ್‌ಗಳ ಹನ್ನೆರಡು ಅಫಿಲಿಯೇಟ್‌ಗಳನ್ನು ತನ್ನ ಕಡೆ ಎಳೆದುಕೊಂಡಿತು. ಹಳೆಯ ನೆಟ್‌ವರ್ಕ್‌ಗಳಿಗೆ ನಡುಕ ಹುಟ್ಟಿತು. ಉಳಿದವರನ್ನು ಹಿಡಿದಿಟ್ಟುಕೊಳ್ಳಲು ಇನ್ನೂ ಜಾಸ್ತಿ ದುಡ್ಡು ಸುರಿದವು. ಹೀಗೆ ಅಫಿಲಿಯೇಟ್ ಕಳೆದುಕೊಂಡ ಸಿಬಿಎಸ್ ಡೆಟ್ರಾಯಿಟ್‌ನಲ್ಲಿ ಬೇರೆ ದಾರಿ ಕಾಣದೆ 62ನೇ ಚಾನೆಲ್‌ನ ಸಣ್ಣ ಸ್ಟೇಷನ್ ಒಂದನ್ನು ಖರೀದಿಸಿತು. ಆ ಸ್ಟೇಷನ್‌ನಲ್ಲಿ ಪೂರ್ಣ ಪ್ರಮಾಣದ ಸುದ್ದಿ ವಿಭಾಗ ಶುರುವಾಗಲು 2023ರ ಜನವರಿ ಬರಬೇಕಾಯಿತು. ಒಂದು ಫುಟ್‌ಬಾಲ್ ಒಪ್ಪಂದದ ಪರಿಣಾಮ ಒಂದು ಊರಿನ ಸುದ್ದಿಯ ಮೇಲೆ ಎಷ್ಟು ದೂರ ಹೋಯಿತು ನೋಡಿ.

ಎರಡು, 1992ರ ಕೇಬಲ್ ಕಾಯ್ದೆ. ನಮ್ಮ ಸಿಗ್ನಲ್ ನಿಮ್ಮ ಗ್ರಾಹಕರಿಗೆ ತೋರಿಸಬೇಕಾದರೆ ನಮ್ಮ ಒಪ್ಪಿಗೆ ಪಡೆಯಿರಿ ಎಂದು ಕೇಬಲ್ ಕಂಪನಿಗೆ ಹೇಳುವ ಹಕ್ಕು ಸ್ಟೇಷನ್‌ಗಳಿಗೆ ಇದರಿಂದ ಸಿಕ್ಕಿತು. ಇದೇ ಮರುಪ್ರಸಾರ ಒಪ್ಪಿಗೆ. ಸ್ಟೇಷನ್ ಪ್ರತಿ ಮೂರು ವರ್ಷಕ್ಕೊಮ್ಮೆ ಎರಡರಲ್ಲೊಂದನ್ನು ಆರಿಸಬೇಕು: ಪುಕ್ಕಟೆ ಆದರೂ ಕಡ್ಡಾಯವಾಗಿ ತೋರಿಸಿ ಅನ್ನಬೇಕು, ಇಲ್ಲವೇ ಚೌಕಾಸಿಗೆ ಇಳಿಯಬೇಕು.

1993ರ ಮೊದಲ ಸುತ್ತಿನಲ್ಲಿ ದೊಡ್ಡ ಕೇಬಲ್ ಕಂಪನಿಗಳು ನಗದು ಕೊಡುವುದಿಲ್ಲ ಎಂದು ಹಠ ಹಿಡಿದವು. ಬದಲಿಗೆ ಸ್ವಂತ ಸ್ಟೇಷನ್‌ಗಳಿರುವ ನೆಟ್‌ವರ್ಕ್‌ಗಳಿಗೆ, ನಿಮ್ಮ ಹೊಸ ಕೇಬಲ್ ಚಾನೆಲ್‌ಗೆ ಜಾಗ ಕೊಡುತ್ತೇವೆ ಎಂದವು. ಇಎಸ್‌ಪಿಎನ್ 2, ಎಫ್ಎಕ್ಸ್, ಮುಂದೆ ಎಂಎಸ್‌ಎನ್‌ಬಿಸಿಗೆ ಜಾಗ ಬಿಟ್ಟುಕೊಟ್ಟ ಅಮೆರಿಕಾಸ್ ಟಾಕಿಂಗ್ ಇವೆಲ್ಲ ಹೀಗೆ ಬೆಳಕು ಕಂಡವು. ನಗದೇ ಬೇಕು ಎಂದು ಕೂತ ಸಿಬಿಎಸ್‌ಗೆ ಆಗ ಏನೂ ಸಿಗಲಿಲ್ಲ. ಮುಂದೆ ಡಿಶ್ ಕಂಪನಿಗಳು ಬೆಳೆದು ಕೇಬಲ್‌ನವರ ಏಕಸ್ವಾಮ್ಯ ಮುರಿಯಿತು. 2005ರಲ್ಲಿ ನೆಕ್ಸ್‌ಸ್ಟಾರ್ ಅನ್ನುವ ಆಗಿನ್ನೂ ಸಣ್ಣ ಕಂಪನಿ, ದುಡ್ಡು ಕೊಡದ ಕೇಬಲ್ ಕಂಪನಿಗಳಿಗೆ ತಿಂಗಳುಗಟ್ಟಲೆ ಸಿಗ್ನಲ್ ಕೊಡಲಿಲ್ಲ. ಕೊನೆಗೆ ದುಡ್ಡು ಬಂತು. ಒಬ್ಬರಿಗೆ ಸಿಕ್ಕಿದ್ದು ಎಲ್ಲರಿಗೂ ಬೇಕಾಯಿತು.

ಈ ಹೊಸ ಆದಾಯದ ಮೇಲೆ ನೆಟ್‌ವರ್ಕ್‌ಗಳ ಕಣ್ಣು ಬಿತ್ತು. ಜನ ನಿಮ್ಮ ಸ್ಟೇಷನ್ ನೋಡುವುದೇ ನಮ್ಮ ಫುಟ್‌ಬಾಲ್‌ಗಾಗಿ, ಹಾಗಾಗಿ ನಮ್ಮ ಪಾಲು ಕೊಡಿ ಎಂದವು. ಇದರ ಹೆಸರು ತಿರುಗು ಪರಿಹಾರ. ವರ್ಷ ಕಳೆದಂತೆ ಈ ಪಾಲು ಏರುತ್ತಲೇ ಹೋಯಿತು. ಇತ್ತ ಕೇಬಲ್ ಬಿಟ್ಟು ಸ್ಟ್ರೀಮಿಂಗ್‌ಗೆ ಹೋಗುವವರು ಹೆಚ್ಚಾದರು. ಪ್ರತಿ ಗ್ರಾಹಕನ ಮೇಲೆ ಬರುವ ದರ ಏರಿದರೂ ಗ್ರಾಹಕರೇ ಕರಗುತ್ತಿದ್ದಾರೆ. ಈಗಿನ ಬಹುತೇಕ ನಿರ್ಧಾರಗಳ ಬೇರು ಈ ಇಕ್ಕಟ್ಟಿನಲ್ಲಿದೆ.

ನೆಟ್‌ವರ್ಕ್ ಕಳೆದುಕೊಂಡವರು ಏನು ಮಾಡಿದರು?

ನನಗೆ ಇಡೀ ವಿಷಯದಲ್ಲಿ ಅತ್ಯಂತ ಇಷ್ಟವಾದ ಭಾಗ ಇದು. ಪರೀಕ್ಷೆಗೂ ಒಳ್ಳೆಯ ಉದಾಹರಣೆಗಳು.

ಮಯಾಮಿ, 1989. ಎನ್‌ಬಿಸಿ ಆ ಊರಿನಲ್ಲಿ ಡಬ್ಲ್ಯುಟಿವಿಜೆ ಸ್ಟೇಷನ್ ಖರೀದಿಸಿತ್ತು. ಹಾಗಾಗಿ ಹಳೆಯ ಅಫಿಲಿಯೇಟ್ ಡಬ್ಲ್ಯುಎಸ್‌ವಿಎನ್ ಅನ್ನು ಕೈಬಿಟ್ಟಿತು. ಮಾಲೀಕ ಎಡ್ ಆನ್ಸಿನ್ ಫಾಕ್ಸ್ ಸೇರಿದರು. ಫಾಕ್ಸ್ ಬಳಿ ಆಗ ಕಾರ್ಯಕ್ರಮಗಳೇ ಕಮ್ಮಿ. ಖಾಲಿ ಬಿದ್ದ ಹೊತ್ತನ್ನೆಲ್ಲ ಅವರು ಸ್ಥಳೀಯ ಸುದ್ದಿಯಿಂದ ತುಂಬಿದರು. ವೇಗದ ಕಟ್, ಕೆಂಪು ಗ್ರಾಫಿಕ್ಸ್, ಕೊಲೆ, ದರೋಡೆ. ಟೀಕೆ ಎಷ್ಟಿತ್ತೆಂದರೆ, 1994ರಲ್ಲಿ ದಕ್ಷಿಣ ಫ್ಲಾರಿಡಾದ ಕೆಲವು ಹೋಟೆಲ್‌ಗಳು ಪ್ರವಾಸಿಗರು ಹೆದರುತ್ತಾರೆ ಎಂದು ಈ ಚಾನೆಲ್ಲನ್ನೇ ಕೋಣೆಗಳಲ್ಲಿ ಬಂದ್ ಮಾಡಿದವು. ಆದರೆ ವ್ಯವಹಾರವಾಗಿ ಆ ಪ್ರಯೋಗ ಗೆದ್ದಿತು.

ಸ್ಯಾನ್ ಫ್ರಾನ್ಸಿಸ್ಕೊ, 2002. ಇದು ಉಲ್ಟಾ ಕಥೆ. ಎನ್‌ಬಿಸಿಯ ಅಫಿಲಿಯೇಟ್ ಆಗಿದ್ದ ಕ್ರಾನ್ ಸ್ಟೇಷನ್ ಮಾರಾಟಕ್ಕೆ ಬಂದಾಗ ಎನ್‌ಬಿಸಿಗೂ ಅದು ಬೇಕಿತ್ತು. ಯಂಗ್ ಬ್ರಾಡ್‌ಕಾಸ್ಟಿಂಗ್ 80 ಕೋಟಿ ಡಾಲರ್‌ಗೂ ಮಿಕ್ಕಿ ಕೊಟ್ಟು ಅದನ್ನು ಗೆದ್ದುಕೊಂಡಿತು. ಸೋತ ಎನ್‌ಬಿಸಿ, ಇನ್ನು ಮುಂದೆ ನಮ್ಮ ಕಾರ್ಯಕ್ರಮ ಬೇಕಾದರೆ ವರ್ಷವರ್ಷ ದುಡ್ಡು ಕೊಡಿ, ಹೆಸರಿನಲ್ಲೂ ಎನ್‌ಬಿಸಿ ಎದ್ದು ಕಾಣಬೇಕು ಎಂದಿತು. ಯಂಗ್ ಒಪ್ಪಲಿಲ್ಲ. 2002ರ ಜನವರಿಯಲ್ಲಿ ಎನ್‌ಬಿಸಿ ಸ್ಯಾನ್ ಹೋಸೆಯ ಕೆಎನ್‌ಟಿವಿಗೆ ಹೋಯಿತು. ಕ್ರಾನ್ ಸುದ್ದಿ ಹೆಚ್ಚಿಸಿತು, 2005ರಲ್ಲಿ ಒಬ್ಬನೇ ಕ್ಯಾಮೆರಾ ಹಿಡಿದು ವರದಿ ಮಾಡಿ ಎಡಿಟ್ ಮಾಡುವ ಪದ್ಧತಿಗೂ ಇಳಿಯಿತು. ಆದರೂ ಸಾಲದ ಹೊರೆ ಇಳಿಯಲಿಲ್ಲ. 2009ರಲ್ಲಿ ಯಂಗ್ ದಿವಾಳಿ ಅರ್ಜಿ ಹಾಕಿತು.

ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಇಬ್ಬರೂ ಸುದ್ದಿಯನ್ನೇ ನೆಚ್ಚಿಕೊಂಡರು. ಒಬ್ಬರ ಬಳಿ ಸ್ಟೇಷನ್ ಮೊದಲಿನಿಂದ ಸ್ವಂತದ್ದು, ಮಾಲೀಕ ಒಬ್ಬನೇ. ಇನ್ನೊಬ್ಬರು ಎನ್‌ಬಿಸಿ ಇರುತ್ತದೆ ಅನ್ನುವ ಲೆಕ್ಕದಲ್ಲಿ ಕಟ್ಟಿದ ಬೆಲೆಗೆ ಸಾಲ ಮಾಡಿದ್ದರು. ನನ್ನ ಪ್ರಕಾರ ಸುದ್ದಿಯ ಗುಣಮಟ್ಟಕ್ಕಿಂತ ಈ ವ್ಯತ್ಯಾಸವೇ ಫಲಿತಾಂಶವನ್ನು ನಿರ್ಧರಿಸಿತು.

2002ರ ಬೇಸಿಗೆಯಲ್ಲೇ ಜಾಕ್ಸನ್‌ವಿಲ್‌ನ ಡಬ್ಲ್ಯುಜೆಎಕ್ಸ್‌ಟಿ, ಸಿಬಿಎಸ್ ಷರತ್ತು ಒಪ್ಪದೆ ಸ್ವತಂತ್ರವಾಯಿತು. ಬೆಳಗಿನಿಂದ ರಾತ್ರಿವರೆಗೆ ಸ್ಥಳೀಯ ಸುದ್ದಿ ಹೆಚ್ಚಿಸಿ ನಿಂತುಕೊಂಡಿತು. 2017ರ ಜನವರಿಯಲ್ಲಿ ಬಾಸ್ಟನ್‌ನ ಡಬ್ಲ್ಯುಎಚ್‌ಡಿಎಚ್ ಎನ್‌ಬಿಸಿ ಕಳೆದುಕೊಂಡು ಅದೇ ದಾರಿ ಹಿಡಿಯಿತು. ಅದರ ಮಾಲೀಕರು ಮತ್ತೆ ಅದೇ ಎಡ್ ಆನ್ಸಿನ್!

2025ರ ಆಗಸ್ಟ್, ಮತ್ತೆ ಮಯಾಮಿ. ದಶಕಗಳಿಂದ ಎಬಿಸಿ ಜೊತೆಗಿದ್ದ ಡಬ್ಲ್ಯುಪಿಎಲ್‌ಜಿಗೂ ನೆಟ್‌ವರ್ಕ್‌ಗೂ ಹಣದ ವಿಷಯದಲ್ಲಿ ಹೊಂದಲಿಲ್ಲ. ಸ್ಟೇಷನ್ ಸ್ವತಂತ್ರವಾಗಿ ಸ್ಥಳೀಯ ಸುದ್ದಿಯ ಕಡೆ ವಾಲಿತು. ಎಬಿಸಿ ಎಲ್ಲಿಗೆ ಹೋಯಿತು ಗೊತ್ತಾ? ಡಬ್ಲ್ಯುಎಸ್‌ವಿಎನ್‌ನ ಒಂದು ಉಪಚಾನೆಲ್‌ಗೆ, ಅಂದರೆ ಅದೇ ಸಿಗ್ನಲ್‌ನಲ್ಲಿ ಹೋಗುವ ಹೆಚ್ಚುವರಿ ಚಾನೆಲ್‌ಗೆ. ಒಂದು ದೊಡ್ಡ ನೆಟ್‌ವರ್ಕ್‌ಗೆ ಈಗ ಪೂರ್ತಿ ಸ್ಟೇಷನ್ ಬೇಡ, ಉಪಚಾನೆಲ್ ಸಾಕು. ಅಫಿಲಿಯೇಟ್‌ಗಳ ಚೌಕಾಸಿ ಶಕ್ತಿ ಎಷ್ಟು ಕುಗ್ಗಿದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಚುನಾವಣೆ ವರ್ಷ, ಬರಗಾಲದ ವರ್ಷ

ಜಾಹೀರಾತಿನ ಬಗ್ಗೆ ಒಂದೇ ಮುಖ್ಯ ಅಂಶ. ಅಮೆರಿಕದಲ್ಲಿ ಸಂಸತ್ತು, ಅಧ್ಯಕ್ಷ ಚುನಾವಣೆಗಳು ಸಮ ಸಂಖ್ಯೆಯ ವರ್ಷಗಳಲ್ಲಿ ಬರುತ್ತವೆ. ಆ ವರ್ಷ ರಾಜಕೀಯ ಜಾಹೀರಾತಿನ ಸುರಿಮಳೆ, ಮರುವರ್ಷ ಒಣಗು. ಬುಲೆಟಿನ್ ನೋಡುವವರಲ್ಲಿ ಮತ ಹಾಕುವವರು ಜಾಸ್ತಿ, ಹಾಗಾಗಿ ಆ ದುಡ್ಡು ಹೆಚ್ಚಾಗಿ ಸುದ್ದಿಯ ಹೊತ್ತಿಗೇ ಬೀಳುತ್ತದೆ. ಮತದಾನಕ್ಕೆ ಮೊದಲ 60 ದಿನ, ಪಕ್ಷದ ಅಭ್ಯರ್ಥಿಯನ್ನು ಆರಿಸುವ ಪ್ರೈಮರಿಗೆ ಮೊದಲ 45 ದಿನ ಅಭ್ಯರ್ಥಿಗೆ ಅತಿ ಕಡಿಮೆ ದರವನ್ನೇ ಹಾಕಬೇಕು ಎಂಬ ನಿಯಮವಿದೆ. ಹೊರಗಿನ ಪ್ರಚಾರ ಗುಂಪುಗಳಿಗೆ ಈ ರಿಯಾಯಿತಿ ಇಲ್ಲ. ಕಂಪನಿ, ಸಂಘಗಳ ಸ್ವತಂತ್ರ ಚುನಾವಣಾ ಖರ್ಚಿನ ಮೇಲಿನ ನಿರ್ಬಂಧ ತೆಗೆದ 2010ರ ಸಿಟಿಜನ್ಸ್ ಯುನೈಟೆಡ್ ತೀರ್ಪಿನ ನಂತರ ಅಂಥ ಗುಂಪುಗಳ ಖರ್ಚು ಉಕ್ಕಿತು. ಸ್ಟೇಷನ್‌ಗಳಿಗೆ ಅದು ಹಬ್ಬ.

ಕೊಳ್ಳುವುದು, ಒಂದಾಗುವುದು

ಕೇಬಲ್ ಕಂಪನಿಯ ಎದುರು ಕೂತು ಚೌಕಾಸಿ ಮಾಡಲು, ನೆಟ್‌ವರ್ಕ್‌ಗೆ ಬಗ್ಗದೆ ಮಾತಾಡಲು ಗಾತ್ರ ಬೇಕು. ಹಾಗಾಗಿ ಖರೀದಿಯ ಅಲೆ ಬಂತು. 2019ರಲ್ಲಿ ನೆಕ್ಸ್‌ಸ್ಟಾರ್ ಟ್ರಿಬ್ಯೂನ್ ಮೀಡಿಯಾವನ್ನು ಖರೀದಿಸಿ ಅತಿ ದೊಡ್ಡ ಸ್ಟೇಷನ್ ಮಾಲೀಕನಾಯಿತು. ಅದಕ್ಕೆ ಮೊದಲು ಸಿಂಕ್ಲೇರ್ ಎಂಬ ಇನ್ನೊಂದು ಸ್ಟೇಷನ್ ಕಂಪನಿ ಅದೇ ಟ್ರಿಬ್ಯೂನ್‌ಗೆ ಕೈಹಾಕಿ 2018ರಲ್ಲಿ ಸೋತಿತ್ತು. 2025ರ ಆಗಸ್ಟ್‌ನಲ್ಲಿ ನೆಕ್ಸ್‌ಸ್ಟಾರ್ 620 ಕೋಟಿ ಡಾಲರ್‌ಗೆ ಟೆಗ್ನಾ ಕೊಳ್ಳುವುದಾಗಿ ಘೋಷಿಸಿತು.

ಇದಕ್ಕೆ ಅಡ್ಡ ಬರುವ ಮಿತಿ, ಒಬ್ಬ ಮಾಲೀಕ ದೇಶದ ಟಿವಿ ಮನೆಗಳಲ್ಲಿ 39 ಶೇಕಡಕ್ಕಿಂತ ಹೆಚ್ಚು ತಲುಪುವಂತಿಲ್ಲ ಎಂಬುದು. 2004ರಲ್ಲಿ ಸಂಸತ್ತೇ ನಿಗದಿ ಮಾಡಿದ ಸಂಖ್ಯೆ ಇದು. ಇದರ ಸಂದಿಯಲ್ಲಿ ಒಂದು ತಮಾಷೆ ಇದೆ. ಯುಎಚ್ಎಫ್, ಅಂದರೆ 14 ಮತ್ತು ಅದಕ್ಕೂ ಮೇಲಿನ ಚಾನೆಲ್ ಸಂಖ್ಯೆಯ ಸ್ಟೇಷನ್ ತಲುಪುವ ಮನೆಗಳನ್ನು ಅರ್ಧ ಮಾತ್ರ ಎಣಿಸುತ್ತಾರೆ. ಹಳೆಯ ಅನಲಾಗ್ ಕಾಲದಲ್ಲಿ ಯುಎಚ್ಎಫ್ ಸಿಗ್ನಲ್ ದುರ್ಬಲ, ಹಾಗಾಗಿ ನ್ಯಾಯವಿತ್ತು. 2009ರ ಜೂನ್‌ನಲ್ಲಿ ದೊಡ್ಡ ಸ್ಟೇಷನ್‌ಗಳೆಲ್ಲ ಡಿಜಿಟಲ್ ಆದವು. ಕಾರಣ ಹೋಯಿತು, ರಿಯಾಯಿತಿ ಉಳಿಯಿತು. 2016ರಲ್ಲಿ ತೆಗೆದರು, 2017ರಲ್ಲಿ ಮತ್ತೆ ತಂದರು. ಲೆಕ್ಕದಲ್ಲಿ 39ರೊಳಗೆ ಇರುವ ಕಂಪನಿ ನಿಜದಲ್ಲಿ ಎಷ್ಟೋ ಹೆಚ್ಚು ಮನೆ ತಲುಪಬಹುದು ಅಲ್ವಾ?

ಇನ್ನೊಂದು ಸಂದಿ, ಪಕ್ಕದ ಕಂಪನಿ. ಒಂದೇ ಊರಿನಲ್ಲಿ ಇನ್ನೊಂದು ದೊಡ್ಡ ಸ್ಟೇಷನ್ ಕೊಳ್ಳಲಾಗದಿದ್ದರೆ ಬೇರೊಂದು ಕಂಪನಿಯ ಹೆಸರಲ್ಲಿ ಲೈಸೆನ್ಸ್ ಇರುತ್ತದೆ. ಸುದ್ದಿ, ಜಾಹೀರಾತು ಮಾರಾಟ ಎಲ್ಲ ಸೇವಾ ಒಪ್ಪಂದದ ಮೇಲೆ ಮೊದಲ ಕಂಪನಿಯೇ ನೋಡಿಕೊಳ್ಳುತ್ತದೆ. ನೆಕ್ಸ್‌ಸ್ಟಾರ್ ಜೊತೆ ಮಿಷನ್, ಸಿಂಕ್ಲೇರ್ ಜೊತೆ ಕನಿಂಗ್‌ಹ್ಯಾಮ್ ಇದಕ್ಕೆ ಪ್ರಸಿದ್ಧ ಉದಾಹರಣೆಗಳು. ಊರಿನಲ್ಲಿ ಎರಡು ಚಾನೆಲ್, ಎರಡರಲ್ಲೂ ಅದೇ ವರದಿಗಾರರು.

ನ್ಯೂಸ್‌ರೂಮ್‌ನಲ್ಲಿ ಏನಾಯಿತು

1939ರ ಕಾಲದಿಂದ ಇದ್ದ ಒಂದು ನಿಯಮ, ಸ್ಟೇಷನ್ ತಾನು ಸೇವೆ ಕೊಡುವ ಊರಿನಲ್ಲೋ ಹತ್ತಿರದಲ್ಲೋ ಮುಖ್ಯ ಸ್ಟುಡಿಯೊ ಇಟ್ಟಿರಬೇಕು ಎನ್ನುತ್ತಿತ್ತು. 2017ರಲ್ಲಿ ಎಫ್‌ಸಿಸಿ ಅದನ್ನು ತೆಗೆದುಹಾಕಿತು. ಬುಲೆಟಿನ್ ಎಲ್ಲಿಂದಲೋ ಓದಿಸುವ ದಾರಿ ಸಲೀಸಾಯಿತು. ಇದೇನೂ ಹೊಸ ಆಸೆಯಲ್ಲ. ಸಿಂಕ್ಲೇರ್ 2002ರಲ್ಲೇ ಮೇರಿಲ್ಯಾಂಡ್‌ನ ಒಂದೇ ಸ್ಟುಡಿಯೊದಿಂದ ಹಲವು ಊರಿನ ಬುಲೆಟಿನ್‌ಗೆ ಸುದ್ದಿ ಕಳಿಸುವ ಪ್ರಯೋಗ ಮಾಡಿ, ಕೆಲವೇ ವರ್ಷದಲ್ಲಿ ಕೈಬಿಟ್ಟಿತ್ತು. 2023ರಲ್ಲಿ ಟೊಲಿಡೊ, ಮೆಡ್‌ಫರ್ಡ್ ಮುಂತಾದ ಕಡೆ ಸ್ಥಳೀಯ ಸುದ್ದಿ ವಿಭಾಗ ಮುಚ್ಚಿ, ತನ್ನ ರಾಷ್ಟ್ರೀಯ ಕಾರ್ಯಕ್ರಮ ತುಂಬಿತು.

2025ರ ಜನವರಿಯಲ್ಲಿ ಅಲೆನ್ ಮೀಡಿಯಾ ತನ್ನ ಸ್ಟೇಷನ್‌ಗಳ ಹವಾಮಾನ ವರದಿಯನ್ನು ಅಟ್ಲಾಂಟಾದಿಂದ ಕೊಡುವ ಯೋಜನೆ ಹೇಳಿದಾಗ ವೀಕ್ಷಕರು ಸಿಟ್ಟಾದರು. ಕಂಪನಿ ಹಲವು ಕಡೆ ಹಿಂದೆ ಸರಿಯಬೇಕಾಯಿತು. ಅಪರಾಧ ಸುದ್ದಿ ಎಲ್ಲಿಂದ ಓದಿದರೂ ಜನ ಸಹಿಸಬಹುದು. ಸುಂಟರಗಾಳಿ ಬರುವ ರಾತ್ರಿ ಊರಿನ ಬೀದಿ ಗೊತ್ತಿರುವ ಮುಖವೇ ಬೇಕು. ಉಳಿತಾಯದ ಲೆಕ್ಕ ಹಾಕಿದವರಿಗೆ ಇದು ಹೊಳೆಯಲಿಲ್ಲ.

ಎಲ್ಲೆಡೆ ಕಡಿತವೇ ಎಂದುಕೊಳ್ಳಬೇಡಿ. ಬೆಳಗಿನ ಬುಲೆಟಿನ್ ನಾಲ್ಕೂವರೆಗೆ, ಕೆಲವು ಕಡೆ ನಾಲ್ಕಕ್ಕೇ ಶುರುವಾಗುತ್ತದೆ. ಕೊಂಡು ತಂದ ಟಾಕ್ ಶೋಗಿಂತ ಇದ್ದ ಸಿಬ್ಬಂದಿಯಿಂದ ಇನ್ನೊಂದು ಗಂಟೆ ಓದಿಸುವುದು ಅಗ್ಗ. ಸಿಬ್ಬಂದಿ ಅಷ್ಟೇ, ಗಂಟೆ ಜಾಸ್ತಿ. ಹಾಗಾಗಿ ಸುದ್ದಿ ಗಂಟೆಗಳು ಹೆಚ್ಚಿವೆ ಎಂಬ ಅಂಕಿ ಕಂಡರೆ ವರದಿಗಾರರು ಎಷ್ಟು ಎಂದೂ ನೋಡಿ.

ಇನ್ನು ವಾರ್ಷಿಕ ವರದಿ ಓದುವ ಬಗೆ. ಆದಾಯವನ್ನು ಜಾಹೀರಾತು, ವಿತರಣೆ ಎಂದು ಎರಡು ಸಾಲಿನಲ್ಲಿ ಕೊಟ್ಟಿರುತ್ತಾರೆ. ಜಾಹೀರಾತನ್ನು ಹಿಂದಿನ ವರ್ಷಕ್ಕೆ ಹೋಲಿಸಬೇಡಿ, ಎರಡು ವರ್ಷ ಹಿಂದಿನದಕ್ಕೆ ಹೋಲಿಸಿ. ಇಲ್ಲದಿದ್ದರೆ ಚುನಾವಣೆ ಲೆಕ್ಕ ಕೆಡಿಸುತ್ತದೆ. ವಿತರಣೆ ಸಾಲು ದೊಡ್ಡದಾಗಿ ಕಾಣುತ್ತದೆ, ಆದರೆ ಅದರ ಒಳಗಿನಿಂದ ನೆಟ್‌ವರ್ಕ್‌ಗೆ ಹೋಗುವ ಪಾಲು ಕೆಳಗೆ ಕಾರ್ಯಕ್ರಮ ವೆಚ್ಚದಲ್ಲಿ ಸೇರಿಕೊಂಡಿರುತ್ತದೆ. ವಿತರಣೆ ಆದಾಯದಿಂದ ಆ ಪಾಲನ್ನು ಕಳೆದು ಉಳಿದದ್ದನ್ನು ಬರೆದುಕೊಳ್ಳಿ. ಮುಂದಿನ ವರ್ಷ ಯಾವ ಊರಿನ ನ್ಯೂಸ್‌ರೂಮ್‌ಗೆ ಕತ್ತರಿ ಬೀಳಬಹುದು ಎಂಬ ಊಹೆಗೆ ಕಂಪನಿಯ ಪತ್ರಿಕಾ ಹೇಳಿಕೆಗಿಂತ ಆ ಸಂಖ್ಯೆ ಹೆಚ್ಚು ಕೆಲಸಕ್ಕೆ ಬರುತ್ತದೆ.